ಬದು ತೆಗೆದರೆ ಬೆಳೆ ಹೋಗುತ್ತದೆಯೇ?

ಜ್ಞಾನದಾಹಕ್ಕೆ ವಯಸ್ಸಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ.

ನಮ್ಮ ಮನೆಯಲ್ಲಿದೆ. ಆಳಂದದ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ, ಮೊದಲು ಹೊಲಿಗೆ ಮಷಿನ್ ಇದ್ದ ಜಾಗದಲ್ಲಿ ಅದು ವಿರಾಜಮಾನವಾಗಿದೆ. (ಹೊಲಿಗೆ ಮಷಿನ್ ಅಡುಗೆಮನೆಯ ಬಾಗಿಲ ಹಿಂದೆ ವನವಾಸದಲ್ಲಿದೆ. ಈ ಬಗ್ಗೆ ನನ್ನ ಹೆಂಡತಿ ನೀಲಮ್ಮನ ಅಭಿಪ್ರಾಯ ಅಚ್ಚು ಹಾಕುವಂಥದ್ದಲ್ಲ.) ಈ ಅಂಕಣವನ್ನು ನಾನು ಅದರಲ್ಲೇ ಟೈಪ್ ಮಾಡಿ ಕಳಿಸುವುದು. ಕೆಲವು ತಿಂಗಳ ಹಿಂದೆ ಒಂದು ವಾರ ಅಂಕಣ ಬರಲಿಲ್ಲ. ಇಬ್ಬರು ಓದುಗರು ಫೋನ್ ಮಾಡಿದರು. ಒಬ್ಬರಿಗೆ ನನ್ನ ಆರೋಗ್ಯದ ಚಿಂತೆ. ಇನ್ನೊಬ್ಬರು, ಇನ್ನು ಮುಂದೆಯೂ ಬರುವುದಿಲ್ಲವೇ ಎಂದು ಆಸೆಯಿಂದ ವಿಚಾರಿಸಿದರು.

ಇಬ್ಬರಿಗೂ ಉತ್ತರ ಬಾಕಿ ಇದೆ. ಇದೇ ಆ ಉತ್ತರ.

ಖಾಯಂ ಓದುಗರಿಗೆ ಗೊತ್ತಿದೆ: ನಾನು ಮೂವತ್ತನಾಲ್ಕು ವರ್ಷ ಸರ್ವೆ ಇಲಾಖೆಯಲ್ಲಿದ್ದವನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಕರಿ ಮಣ್ಣಿನಲ್ಲಿ ನನ್ನ ಚಪ್ಪಲಿ ಸಿಕ್ಕಿಕೊಂಡಿದೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ನಡುವೆ ಸರಪಳಿ ಹಿಡಿದು ನಿಲ್ಲುವವನು ನಾನು. ಇಬ್ಬರೂ ನನ್ನನ್ನು ಬೈಯುತ್ತಿದ್ದರು. ಒಬ್ಬನೇ ಬೈದರೆ ಅಳತೆ ತಪ್ಪಿದೆ ಎಂದೂ, ಇಬ್ಬರೂ ಬೈದರೆ ಸರಿಯಾಗಿದೆ ಎಂದೂ ನಮ್ಮ ಸಾಹೇಬರು ಹೇಳುತ್ತಿದ್ದರು.

ಇಂಥ ಅನುಭವಿಯನ್ನು ನಮ್ಮ ಮನೆತನ ಸುಮ್ಮನೆ ಬಿಟ್ಟೀತೇ? ಮಟಕಿ ಎಂಬ ಊರಿನಲ್ಲಿರುವ ನಮ್ಮಣ್ಣ ಮಲ್ಲಪ್ಪನ ಮಗಳು ಭಾಗ್ಯಾಳ ಲಗ್ನ ಗಟ್ಟಿಯಾದಾಗ, ಲಗ್ನಪತ್ರಿಕೆಯ ಯಾದಿ, ಅಂದರೆ ಹೆಸರುಗಳ ಪಟ್ಟಿ, ಮಾಡುವ ಹೊಣೆ ನನ್ನ ಮೇಲೆ ಬಿತ್ತು.

ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಇರುತ್ತದೆ, ಹೌದು. ಆದರೆ ಅದನ್ನು ಯಾರೂ ಓದುವುದಿಲ್ಲ. ಓದುವುದು ಕೆಳಗಿನ ‘ಸುಖಾಗಮನ ಬಯಸುವವರು’ ಎಂಬ ಯಾದಿಯನ್ನು. ಅಲ್ಲಿ ಯಾರ ಹೆಸರು ಯಾರ ಮೇಲಿದೆ, ಯಾರ ಕೆಳಗಿದೆ? ಹೊಲದ ಬದು ಒಂದು ಮೊಳ ಸರಿದರೆ ಜನ ಕೋರ್ಟಿಗೆ ಹೋಗುತ್ತಾರೆ. ಪತ್ರಿಕೆಯಲ್ಲಿ ಹೆಸರು ಒಂದು ಸಾಲು ಸರಿದರೆ ಕೋರ್ಟಿಗೂ ಹೋಗುವುದಿಲ್ಲ, ಮನೆಗೂ ಬರುವುದಿಲ್ಲ.

ನಮ್ಮ ಸಿದ್ರಾಮಪ್ಪ ಮಾಮಾ ಹಾಗೆ ಹನ್ನೊಂದು ವರ್ಷ ಬರಲಿಲ್ಲ.

ಮಾಮಾ ನಮ್ಮವ್ವನ ತಮ್ಮ. ಜೇವರ್ಗಿ ತಾಲೂಕಿನ ಅಂದೋಲಾದವರು. ಹನ್ನೊಂದು ವರ್ಷದ ಹಿಂದೆ ಮನೆಯ ಒಂದು ಲಗ್ನದಲ್ಲಿ ಅವರ ಹೆಸರು ನಮ್ಮಕ್ಕನ ಗಂಡ, ಅಫಜಲಪುರದ ಕಾಶಪ್ಪ ಭಾವನ ಹೆಸರಿನ ಕೆಳಗೆ ಅಚ್ಚಾಗಿತ್ತು. ಸೋದರಮಾವ ಕೆಳಗೆ, ಅಳಿಯ ಮೇಲೆ. ಮಾಮಾ ಪತ್ರಿಕೆ ಓದಿದರು, ಮಡಚಿದರು, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಅಷ್ಟೇ. ಜಗಳವಿಲ್ಲ, ಮಾತಿಲ್ಲ. ತಮ್ಮ ಅಕ್ಕನಿಗೆ, ಅಂದರೆ ನಮ್ಮವ್ವನಿಗೆ, ವರ್ಷಕ್ಕೊಮ್ಮೆ ಯಾರದೋ ಕೈಯಲ್ಲಿ ಸೀರೆ ಕಳಿಸುತ್ತಿದ್ದರು. ಹೊಸ್ತಿಲು ಮಾತ್ರ ತುಳಿಯಲಿಲ್ಲ.

ಅವ್ವನಿಗೆ ಈಗ ಎಂಬತ್ತೆರಡು. ಮಟಕಿಯಲ್ಲಿ ಅಣ್ಣನ ಜೊತೆ ಇರುತ್ತಾಳೆ. ಲಗ್ನದ ಮಾತು ಎತ್ತಿದ ದಿನವೇ ಕೇಳಿದಳು, “ನನ್ನ ತಮ್ಮ ಬರ್ತಾನೇನು?”

ಅಣ್ಣ ಅಡಿಕೆ ಕತ್ತರಿಸತೊಡಗಿದ.

“ಬರದಿದ್ರ ಹೇಳ್ರಿ. ನಾ ಒಳಗ ಕೂಡ್ತೇನಿ. ಲಗ್ನ ನೀವು ಮಾಡ್ಕೊಳ್ರಿ.”

ಅಂದರೆ ವಿಷಯ ಇಷ್ಟು: ಮಾಮಾ ಬರಬೇಕು, ಭಾವನೂ ಇರಬೇಕು, ಇಬ್ಬರ ಹೆಸರೂ ಒಂದೇ ಕಾಗದದ ಮೇಲೆ ಮೊದಲು ಇರಬೇಕು. ಮೂರು ಬೈಠಕ್ ಆದವು. ಮಾಮಾನದು ಫೋನಿನಲ್ಲಿ ಮಾತ್ರ ಹಾಜರಿ. ಕಡೆಗೆ ನಾನು ನನ್ನ ಮೂವತ್ತನಾಲ್ಕು ವರ್ಷದ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಒಂದು ದಾರಿ ಹುಡುಕಿದೆ. ಹೊಲ ಉದ್ದಕ್ಕೆ ಸೀಳಿದರೆ ಇಬ್ಬರಿಗೂ ರಸ್ತೆ ಸಿಗುತ್ತದೆ. ಹಾಗೆಯೇ ಯಾದಿಯನ್ನು ಎರಡು ಸಾಲು ಮಾಡಿದೆ. ಎಡಸಾಲಿನ ನೆತ್ತಿಯ ಮೇಲೆ ಮಾಮಾ, ಬಲಸಾಲಿನ ನೆತ್ತಿಯ ಮೇಲೆ ಭಾವ. ಮಾಮಾನಿಗೆ ಫೋನ್ ಮಾಡಿ, ಓದುವುದು ಎಡದಿಂದಲ್ಲವೇ ಎಂದೆ. ಭಾವನಿಗೆ ಫೋನ್ ಮಾಡಿ, ಉಣ್ಣುವುದು ಬಲಗೈಯಿಂದಲ್ಲವೇ ಎಂದೆ. ಇಬ್ಬರೂ ಒಪ್ಪಿದರು. ಯಾರಿಗೆ ಏನು ಹೇಳಿದ್ದೆ ಎಂಬುದನ್ನು ಇನ್ನೊಬ್ಬರಿಗೆ ಹೇಳಲಿಲ್ಲ. (ಇದಕ್ಕೆ ಸುಳ್ಳು ಎನ್ನುವುದಿಲ್ಲ. ಅಳತೆಯ ಎರಡು ತುದಿ ಎನ್ನುತ್ತಾರೆ.)

ಒಟ್ಟು ನಲವತ್ತೊಂದು ಹೆಸರು. ಅಣ್ಣನ ಅಂಗಳದಲ್ಲಿ ಓದಿ ಹೇಳಿದೆ, ದೂರದವರಿಗೆ ಫೋನಿನಲ್ಲಿ ಓದಿ ಹೇಳಿದೆ. ಎಲ್ಲರೂ ಹೂಂ ಅಂದರು. ಆಮೇಲೆ ಅಣ್ಣ ಹಳೆಯ ಕರಡುಗಳನ್ನೆಲ್ಲ ಹರಿದು ಒಲೆಗೆ ಹಾಕಿಸಿದ. “ಹಳೇ ಕಾಗದ ಇದ್ರ ಹಳೇ ಜಗಳ ಇರ್ತದ” ಎಂಬುದು ಅವನ ಸಿದ್ಧಾಂತ. ಪತ್ರಿಕೆ ಅಚ್ಚಾಗುವವರೆಗೆ ಯಾದಿಯನ್ನು ವಾಟ್ಸಾಪಿಗೆ ಹಾಕಕೂಡದು ಎಂಬುದು ಇನ್ನೊಂದು ಕಟ್ಟಪ್ಪಣೆ. ಹೀಗಾಗಿ ಜಗತ್ತಿನಲ್ಲಿ ಆ ಯಾದಿ ಇದ್ದದ್ದು ಒಂದೇ ಕಡೆ. ನಮ್ಮ ಪಡಸಾಲೆಯ ಕಂಪ್ಯೂಟರಿನಲ್ಲಿ.

ಈಗ ಜ್ಞಾನದಾಹಕ್ಕೆ ಬರೋಣ.

ನಮ್ಮ ಕಂಪ್ಯೂಟರ್ ಹಳೆಯದು. ಬಟನ್ ಒತ್ತಿ ಸ್ನಾನ ಮುಗಿಸಿ ಬಂದರೆ ಏಳುತ್ತಿತ್ತು. ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದೆ, ಹಳೆಯ ಮಷಿನ್ನಿಗೂ ಹೊಸ ಜೀವ ಬರುತ್ತದೆ ಎಂದು ಯೂಟ್ಯೂಬಿನಲ್ಲಿ ಒಬ್ಬ ಮಹಾನುಭಾವ ಹೇಳುತ್ತಿದ್ದ. ಒಂದು ತಿಂಗಳು ಅವನ ಪ್ರವಚನ ಕೇಳಿದೆ. ನೋಟ್ಸ್ ಮಾಡಿಕೊಂಡೆ. ಕೆಂಪು ಪೆನ್‌ಡ್ರೈವಿನಲ್ಲಿ ಹೊಸ ಸಿಸ್ಟಮ್ ಇಳಿಸಿಕೊಂಡೆ. ಹಳೆಯದೂ ಇರಲಿ, ಹೊಸದೂ ಇರಲಿ, ಮಷಿನ್ನನ್ನು ಎರಡು ಪಾಲು ಮಾಡಿದರಾಯಿತು ಎಂದು ನನ್ನ ಯೋಜನೆ.

ಮುಂಜಾಗ್ರತೆ ಇಲ್ಲದೆ ನಾನು ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ನೀಲಿ ಪೆನ್‌ಡ್ರೈವಿಗೆ ಯಾದಿಯ ನಕಲು ತೆಗೆದೆ. ಪರದೆಯ ಮೇಲೆ ‘ಭಾಗ್ಯಾ ಲಗ್ನ ಯಾದಿ’ ಎಂದು ಬರೆದ ಪುಟ್ಟ ಚಿತ್ರವಿತ್ತು, ಅದನ್ನು ಎಳೆದು ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆಯಿತು. ನಲವತ್ತೊಂದು ಹೆಸರು ಇಷ್ಟು ಬೇಗ ಹೋದವೇ ಎಂದು ಸೋಜಿಗಪಟ್ಟೆ. ಆ ಸೋಜಿಗವನ್ನು ಇನ್ನೂ ಒಂದು ನಿಮಿಷ ಮುಂದುವರಿಸಿದ್ದರೆ ಈ ಅಂಕಣ ಇರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶುಭಾರಂಭ. ನೀಲಮ್ಮ ಅಲ್ಲೇ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು.

“ಏನ್ ಮಾಡಾಕತ್ತೀರಿ?”

“ಸಂಶೋಧನೆ.”

“ಮಿಕ್ಸಿ ಸಂಶೋಧನೆ ಮಾಡಿದ್ರಿ, ಇನ್ನಾ ಚಟ್ನಿ ಕಲ್ಲಾಗ ಅರೀತೇನಿ.”

ಇಂಥ ಮಾತುಗಳಿಂದಲೇ ನಮ್ಮ ದೇಶದಲ್ಲಿ ವಿಜ್ಞಾನ ಹಿಂದುಳಿದಿದೆ. ನಾನು ಕೆಂಪು ಪೆನ್‌ಡ್ರೈವ್ ಸಿಕ್ಕಿಸಿದೆ.

ಹೊಸ ಸಿಸ್ಟಮ್ ಮೂರು ದಾರಿ ತೋರಿಸಿತು. ಒಂದು, ಹಳೆಯದರ ಪಕ್ಕದಲ್ಲೇ ನನ್ನನ್ನು ಕೂರಿಸು. ಎರಡು, ಎಲ್ಲ ಅಳಿಸಿ ನನ್ನೊಬ್ಬನನ್ನೇ ಕೂರಿಸು. ಮೂರು, ನಿನಗೆ ತಿಳಿದಂತೆ ಮಾಡು. ಯೂಟ್ಯೂಬಿನ ಮಹಾನುಭಾವ ಮೊದಲನೆಯದನ್ನು ಒತ್ತು ಎಂದು ಸಾರಿ ಸಾರಿ ಹೇಳಿದ್ದ. ಹೊಸಬರಿಗೆ ಅದು ಸರಿ. ನಾನು ಮೂರನೆಯದನ್ನು ಒತ್ತಿದೆ.

ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಬಂತು. ಪಟ್ಟಿಯಲ್ಲಿ ನಾಲ್ಕು ತುಂಡು, ನಾಲ್ಕು ಬಣ್ಣ. ನೋಡುತ್ತಲೇ ನನಗೆ ರೋಮಾಂಚನವಾಯಿತು. ಇದು ಕಂಪ್ಯೂಟರಲ್ಲ, ಇದು ಹೊಲದ ನಕಾಶೆ. ನನ್ನ ಸ್ವಂತ ವಿಷಯ. ಐದುನೂರು ಜಿಬಿ ಎಂದರೆ ಐದುನೂರು ಎಕರೆ ಎಂದುಕೊಂಡೆ. ಯಾರೋ ಅಡ್ಡಾದಿಡ್ಡಿ ಹಂಚಿದ್ದರು. ತುದಿಯಲ್ಲಿ ಕೈಯಗಲದ ಎರಡು ಚೂರು, ನಡುವೆ ಎರಡು ದೊಡ್ಡ ತುಂಡು, ಅವೂ ಸಮವಲ್ಲ. ಇಂಥ ಹೊಲ ಸಿಕ್ಕರೆ ಸರ್ವೆಯವನು ಏನು ಮಾಡುತ್ತಾನೆ? ಒಳಗಿನ ಬದುಗಳನ್ನೆಲ್ಲ ತೆಗೆಸಿ ಒಂದು ಮಾಡುತ್ತಾನೆ. ಆಮೇಲೆ ಸಮನಾಗಿ ಎರಡು ಪಾಲು ಹಾಕುತ್ತಾನೆ.

ಬದು ತೆಗೆದರೆ ಬೆಳೆ ಹೋಗುತ್ತದೆಯೇ? ನನ್ನ ಸೇವೆಯಲ್ಲಿ ಎಷ್ಟು ಬದು ತೆಗೆಸಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ನಿಂತ ತೊಗರಿ ಮಾಯವಾಗಲಿಲ್ಲ. ತೊಗರಿ ನಿಂತಲ್ಲೇ ನಿಂತಿರುತ್ತದೆ, ಮಾಲೀಕ ಬದಲಾಗುತ್ತಾನೆ.

ನಾಲ್ಕೂ ತುಂಡುಗಳ ಮೇಲೆ ಒಂದೊಂದಾಗಿ ಡಿಲೀಟ್ ಒತ್ತಿದೆ. ಪಟ್ಟಿ ಒಂದೇ ಬಣ್ಣವಾಯಿತು. ಎರಡು ಸಮಪಾಲು ಮಾಡಿದೆ. ನೋಡಲು ಎಷ್ಟು ಚಂದವಿತ್ತು ಎಂದರೆ ಸಾಹೇಬರು ಇದ್ದಿದ್ದರೆ ಸಹಿ ಹಾಕುತ್ತಿದ್ದರು. ಮುಂದುವರಿಯಲೇ ಎಂದು ಕಂಪ್ಯೂಟರ್ ಕೇಳಿತು. ಬದಲಾವಣೆ ವಾಪಸ್ ಪಡೆಯಲಾಗದು ಎಂದೂ ಹೇಳಿತು. ನಮ್ಮ ಇಲಾಖೆಯಲ್ಲಿ ಅಕ್ಕಪಕ್ಕದವರಿಗೆ ನೋಟೀಸು ಕೊಡದೆ ಹದ್ದುಬಸ್ತು ಮಾಡುವಂತಿಲ್ಲ. ಆದ್ದರಿಂದ ಗಟ್ಟಿಯಾಗಿ ಕೇಳಿದೆ, “ಯಾರದಾದರೂ ತಕರಾರು ಅದೇನು?”

“ಚಾ ಆರಾಕತ್ತದ” ಎಂದಳು ನೀಲಮ್ಮ.

ತಕರಾರು ಇಲ್ಲ ಎಂದು ದಾಖಲಿಸಿಕೊಂಡು ಮುಂದುವರಿದೆ.

ಅರ್ಧ ಗಂಟೆಯಲ್ಲಿ ಹೊಸ ಸಿಸ್ಟಮ್ ಎದ್ದು ಕೂತಿತು. ಏನು ವೇಗ, ಏನು ಶುಭ್ರತೆ. ಪರದೆಯ ಮೇಲೆ ಒಂದು ಕಸವಿಲ್ಲ. ಕ್ಯಾಲ್ಕುಲೇಟರ್ ತೆಗೆದು ಎರಡಕ್ಕೆರಡು ಕೂಡಿಸಿದೆ. ನಾಲ್ಕು ಬಂತು. ನೀಲಮ್ಮನನ್ನು ಕರೆದು ತೋರಿಸಿದೆ.

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. “ಛಂದ ಅದ. ಭಾಗ್ಯಾನ ಯಾದಿ ಎಲ್ಲದ?”

“ಇದರೊಳಗ ಎಲ್ಲೋ ಅದ.”

“ಎಲ್ಲಿ?”

ಹುಡುಕಿದೆ. ಎಡ ಪಾಲಿನಲ್ಲಿ ಇರಲಿಲ್ಲ. ಬಲ ಪಾಲಿನಲ್ಲಿ ಇರಲಿಲ್ಲ. ಐದುನೂರು ಎಕರೆಯಲ್ಲಿ ಒಂದು ತೊಗರಿ ಗಿಡ ಇರಲಿಲ್ಲ.

ಗಾಬರಿಯಾಗಲಿಲ್ಲ. ಮುಂಜಾಗ್ರತೆ ಇತ್ತಲ್ಲ? ನೀಲಿ ಪೆನ್‌ಡ್ರೈವ್ ಹಾಕಿದೆ. ‘ಭಾಗ್ಯಾ ಲಗ್ನ ಯಾದಿ’ ಅಲ್ಲೇ ಇತ್ತು. ಒತ್ತಿದೆ. ತೆರೆಯಲಿಲ್ಲ. ಮತ್ತೆ ಒತ್ತಿದೆ. ನೀಲಮ್ಮನೂ ಒಮ್ಮೆ ಒತ್ತಿ ನೋಡಿದಳು. ಆಗ ಗಾಬರಿಯಾಯಿತು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಧೋತರದಲ್ಲಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಶಬಾನಾ ಮೇಡಂ ಅವರ ಅಂಗಡಿಗೆ ಹೋದೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ರಿಪೇರಿ ಎಲ್ಲ ಅವರೇ. ಮಿತಭಾಷಿ. ನೀಲಿ ಪೆನ್‌ಡ್ರೈವ್ ಹಾಕಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು.

“ಸರ್ರ, ಇದು ಯಾದಿ ಅಲ್ರಿ. ಯಾದಿ ಎಲ್ಲದ ಅಂತ ತೋರಿಸೋ ಬಾಣ. ಶಾರ್ಟ್‌ಕಟ್ ಅಂತಾರ.”

“ಅಂದ್ರ?”

“ಗಾಣಗಾಪುರಕ್ಕ ಹಾದಿ ಅಂತ ರೋಡಿಗೆ ಬೋರ್ಡ್ ಇರ್ತದಲ್ರಿ? ನೀವು ಬೋರ್ಡ್ ಕಿತ್ತು ಜೋಪಾನ ಮಾಡೀರಿ. ಗುಡಿ ಅಲ್ಲೇ ಉಳದದ.”

“ಅಲ್ಲಿ ಈಗ ಗುಡಿನೂ ಇಲ್ರಿ” ಎಂದೆ. ಬದುಗಳ ಕಥೆ ಹೇಳಿದೆ. ಕೇಳುತ್ತ ಕೇಳುತ್ತ ಅವರು ಜೆರಾಕ್ಸ್ ಮಷಿನ್ ಆಫ್ ಮಾಡಿದರು.

“ಸರ್ರ, ಖರೆ ಹೇಳ್ಲೇನ್ರಿ? ಇದರಾಗ ಬದು ತಗದ್ರ ಬೆಳಿ ಅಷ್ಟೇ ಅಲ್ಲ, ಹೊಲ ಯಾರದಿತ್ತು ಅನ್ನೋದೂ ಹೋಗ್ತದ.”

ಅಳಿದದ್ದನ್ನು ಎತ್ತುವ ಸಾಫ್ಟ್‌ವೇರ್ ಇದೆಯಂತೆ. ಎರಡು ದಿನ ಡಬ್ಬಿ ಅವರ ಹತ್ತಿರವೇ ಇತ್ತು. ಬುಧವಾರ ಹೋದಾಗ ಸಿಕ್ಕಿದ್ದನ್ನು ತೋರಿಸಿದರು. ಸೇವೆಯ ಕೊನೆಯ ವರ್ಷಗಳಲ್ಲಿ ನಾನು ತೆಗೆದಿದ್ದ ಬಾಂದು ಕಲ್ಲುಗಳ ಫೋಟೋಗಳು, ಸಾಲುಸಾಲು. ಗಡಿಯಲ್ಲಿ ನೆಟ್ಟ ಕಲ್ಲು, ಬಿದ್ದ ಕಲ್ಲು, ಸರಿಸಿದ ಕಲ್ಲು. ಒಂದು ರಜೆ ಅರ್ಜಿ. ನೀಲಮ್ಮ ಹೊಲಿಗೆ ಮಷಿನ್ ಪಕ್ಕ ನಿಂತ ಒಂದು ಫೋಟೋ. ಯಾದಿ ಇಲ್ಲ. ಹೊಸ ಸಿಸ್ಟಮ್ ಸರಿಯಾಗಿ ಅದರ ಮೇಲೆಯೇ ಚಾಪೆ ಹಾಸಿ ಕೂತಿತ್ತು.

“ಹಳೇದು ನಾ ಹಾಕಿ ಕೊಡ್ಲೇನ್ರಿ?” ಎಂದು ಶಬಾನಾ ಮೇಡಂ ಕೇಳಿದರು.

“ಬ್ಯಾಡ್ರಿ. ಕೆಡಿಸಿದಂವ ನಾ, ನಾನೇ ಹಾಕ್ತೇನಿ.”

ಅವರು ಕುರ್ಚಿ ಬಿಟ್ಟುಕೊಟ್ಟು, ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತರು. ಮೊದಲನೆಯ ಸಲ ಹಳೆಯ ಸಿಸ್ಟಮ್ ಹಾಕಿದೆ. ಬಂತು, ಆದರೆ ಹೊಸದು ಕಾಣೆಯಾಯಿತು. ಎರಡನೆಯ ಸಲ ಎರಡನ್ನೂ ಹಾಕಿದೆ. ಎರಡೂ ಕಾಣೆಯಾದವು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು, ಅಷ್ಟೇ. ಇದೇನು ಎಂದು ಕೇಳಿದೆ. “ನೀವೇನ್ ಹೇಳ್ತೀರಿ ಅಂತ ಕಾಯಾಕತ್ತದ್ರಿ” ಎಂದರು. ಮೂರನೆಯ ಸಲ, ಮೊದಲು ಹಳೆಯದು, ಆಮೇಲೆ ಹೊಸದು ಎಂಬ ಕ್ರಮ ತಿಳಿಯಿತು. ಹಿರಿಯರನ್ನು ಮೊದಲು ಕೂರಿಸದಿದ್ದರೆ ಇಲ್ಲಿಯೂ ನಡೆಯುವುದಿಲ್ಲ. ಈ ಮಾತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಕಂಪ್ಯೂಟರ್ ಎದ್ದಿತು. ಹೋದದ್ದು ಬರಲಿಲ್ಲ. ಗುರುವಾರ ಮಟಕಿಗೆ ಹೋಗಿ ತಪ್ಪೊಪ್ಪಿಕೊಂಡೆ.

ಅಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಸುಣ್ಣದ ಬೆರಳನ್ನು ಗಾಳಿಯಲ್ಲೇ ಹಿಡಿದ. “ಲೇ ಶಾಂತಪ್ಪಾ, ಮೂರು ಬೈಠಕ್ ಮಾಡೀವಿ. ಬಡದಾಡಿ ಬಡದಾಡಿ ಯಾದಿ ಮಾಡೀವಿ. ಅಳಿಸೀನಿ ಅಂತಿಯಲ್ಲೋ.”

“ಕರಡು ಒಲೆಗೆ ಹಾಕಿದಂವ ನೀನು.”

“ನಾ ಒಲೆಗೆ ಹಾಕಿದ್ದು ಹಳೇದು. ನೀ ಹಾಕಿದ್ದು ಹೊಸದು.”

ಅವ್ವ ಒಳಗಿನಿಂದ ಒಂದೇ ಮಾತು ಕೇಳಿದಳು. “ನನ್ನ ತಮ್ಮಗ ಹೇಳೀರೇನು?”

ಹೇಳಿರಲಿಲ್ಲ. ಹೇಳುವ ಮೊದಲು ಯಾದಿಯನ್ನು ಹೇಗಾದರೂ ಮತ್ತೆ ಕಟ್ಟಬೇಕಿತ್ತು. ಹೆಸರುಗಳು ನಮಗೆ ಗೊತ್ತಿದ್ದವು. ಗೊತ್ತಿಲ್ಲದಿದ್ದದ್ದು ಕ್ರಮ. ಅಣ್ಣ ಒಂದು ಹೇಳಿದ, ನಾನೊಂದು ಹೇಳಿದೆ. ಕಡೆಗೆ, ಯಾದಿಯಲ್ಲಿದ್ದವರನ್ನೇ ಕೇಳೋಣ ಎಂದು ಒಬ್ಬರಿಗೆ ಫೋನ್ ಮಾಡಿದೆ. ನಮ್ಮ ದೂರದ ದಾಯಾದಿ, ಅಫಜಲಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವರು.

“ಕಾಕಾ, ಯಾದಿಯೊಳಗ ನಿಮ್ಮ ಹೆಸರು ಎಲ್ಲಿತ್ತು, ನೆನಪದ ಏನ್ರಿ?”

“ಬಲಕ್ಕ. ನನ್ನ ಮ್ಯಾಲ ಆ ಜೇವರ್ಗಿ ಕಾಂಟ್ರ್ಯಾಕ್ಟರಂದು. ಅವ ನನಗಿಂತ ಆರು ತಿಂಗಳ ಸಣ್ಣವ. ಇರ್ಲಿ, ಲಗ್ನದ ಮನಿ ಅಂತ ಸುಮ್ಮನಾಗೀನಿ.”

“ನಿಮ್ಮ ಕೆಳಗ?”

“ಕೆಳಗ ಯಾರೋ ಇದ್ರಪಾ. ಯಾರ್ ನೋಡ್ಯಾರ?”

ಫೋನ್ ಇಟ್ಟೆ. ಕಾಂಟ್ರ್ಯಾಕ್ಟರಿಗೆ ಮಾಡಿದೆ. ಅವನಿಗೂ ಅಷ್ಟೇ, ಮೇಲಿದ್ದ ಹೆಸರು ವಯಸ್ಸಿನ ಸಮೇತ ನೆನಪಿತ್ತು, ಕೆಳಗಿನದು ಇರಲಿಲ್ಲ. ಮೂರನೆಯವರಿಗೂ ಹಾಗೆಯೇ. ಆಗ ನನಗೆ ಬೆಳಕಾಯಿತು. ಪ್ರತಿಯೊಬ್ಬನಿಗೂ ತನ್ನ ಮೇಲಿದ್ದವನು ನೆನಪಿದ್ದರೆ ಸಾಕು, ಸರಪಳಿ ಪೂರ್ತಿಯಾಗುತ್ತದೆ. ಕೊಂಡಿಗೆ ಕೊಂಡಿ ಹಾಕುತ್ತ ಹೋದರೆ ಆಯಿತು.

ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಅಣ್ಣ ಫೋನ್ ಮಾಡಿದ, ನಾನು ಬರೆದುಕೊಂಡೆ. ಒಬ್ಬರೂ ತಡವರಿಸಲಿಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಮರೆವು ಬಂದಿದೆ, ಮೊಮ್ಮಕ್ಕಳ ಹೆಸರೇ ತಪ್ಪುತ್ತಾರೆ. ತಮ್ಮ ಮೇಲಿದ್ದ ಹೆಸರನ್ನು ಅಡ್ಡಹೆಸರಿನೊಂದಿಗೆ ಹೇಳಿದರು. ಶಬಾನಾ ಮೇಡಂ ಅವರ ಸಾಫ್ಟ್‌ವೇರ್ ಎರಡು ದಿನ ತಿಣುಕಿ ಮಾಡಲಾಗದ್ದನ್ನು ಮನುಷ್ಯನ ಹೊಟ್ಟೆಕಿಚ್ಚು ಒಂದು ಮಧ್ಯಾಹ್ನದಲ್ಲಿ ಮಾಡಿತು. ಇಷ್ಟು ಗಟ್ಟಿಯಾದ ಬ್ಯಾಕಪ್ ನಮ್ಮ ಬಳಿ ಇರುವಾಗ ನಾವು ಪೆನ್‌ಡ್ರೈವ್ ಯಾಕೆ ಕೊಳ್ಳುತ್ತೇವೆ?

ಸರಪಳಿಯ ಎರಡು ತುದಿಯಲ್ಲಿ ಮಾಮಾ ಮತ್ತು ಭಾವ ಉಳಿದರು. ಅವರ ಮೇಲೆ ಯಾರೂ ಇರಲಿಲ್ಲ, ಆದ್ದರಿಂದ ಅವರಿಗೆ ನೆನಪಿಡುವಂಥದ್ದು ಏನೂ ಇರಲಿಲ್ಲ. ಆದರೂ ಹೇಳದೆ ಇರುವಂತಿಲ್ಲ. ಅಣ್ಣ ಮಾಮಾನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

ಪೂರ್ತಿ ಕೇಳಿದರು.

“ಮಾಮಾ, ಅದೀರೇನ್ರಿ?”

“ಅದೀನಿ. ಅಳಿಯಾ, ಹನ್ನೊಂದು ವರ್ಷದ ಹಿಂದ ಪ್ರೆಸ್ಸಿನವಂದು ತಪ್ಪು ಅಂದ್ರಿ. ಈಗ ಮಷಿನ್‌ದು ತಪ್ಪು ಅಂತೀರಿ. ನಿಮ್ಮ ಮನ್ಯಾಗ ಮನಷ್ಯಾರು ತಪ್ಪೇ ಮಾಡಂಗಿಲ್ಲೇನು?”

“ಈ ಸಲ ಮಷಿನ್‌ದಲ್ರಿ. ನಂದು.”

“ಹೂಂ” ಎಂದರು. ಫೋನ್ ಇಟ್ಟರು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಏನೂ ಕೇಳಲಿಲ್ಲ. ಒಳಗೆ ಹೋಗಿ ದೀಪದ ಬತ್ತಿ ಏರಿಸಿದಳು. ನನ್ನ ಸೇವೆಯಲ್ಲಿ ನಾನು ಎಷ್ಟೋ ಜನರ ಬೈಗುಳ ತಿಂದಿದ್ದೇನೆ. ಇಷ್ಟು ಭಾರದ್ದು ಯಾವುದೂ ಇರಲಿಲ್ಲ.

ಆ ರಾತ್ರಿ ಮಟಕಿಯಲ್ಲೇ ಉಳಿದೆ. ಭಾವನಿಗೂ ಸುದ್ದಿ ಮುಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಮೋಟಾರ್ ಸೈಕಲ್ ಮೇಲೆ ಬಂದೇಬಿಟ್ಟ, ಕಟ್ಟೆಯ ಮೇಲೆ ಕೂತು ನಾನು ಬರೆದ ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದತೊಡಗಿದ. ಅಷ್ಟರಲ್ಲಿ ಬಸ್ಸಿಳಿದು ಬಿಳಿ ಧೋತರ ಉಟ್ಟು, ಟೋಪಿ ಹಾಕಿ, ಕೊಡೆ ಊರಿಕೊಂಡು ಒಬ್ಬರು ಅಂಗಳಕ್ಕೆ ಬಂದರು.

ಸಿದ್ರಾಮಪ್ಪ ಮಾಮಾ. ಎಪ್ಪತ್ತಾರು ವರ್ಷ. ಅಂದೋಲಾದಿಂದ ಮೂರು ಬಸ್ಸು ಬದಲಿಸಿ ಬಂದಿದ್ದರು.

ನಾವೆಲ್ಲ ಎದ್ದು ನಿಂತೆವು. ಭಾವನೂ ಎದ್ದ. ಹೊಸ್ತಿಲ ಒಳಗೆ ಅವ್ವ ಕೂತಿದ್ದಳು. ಮಾಮಾ ಹೊಸ್ತಿಲ ಹೊರಗೆ ನಿಂತರು.

“ಬಂದ್ಯಾ ತಮ್ಮಾ” ಎಂದಳು ಅವ್ವ, ನಿನ್ನೆ ತಾನೇ ಹೋಗಿದ್ದವನಿಗೆ ಹೇಳುವಂತೆ.

“ಯಾದಿ ನೋಡಾಕ ಬಂದೀನಿ, ಅಕ್ಕಾ. ಈ ಸಲ ಯಾರ ಮ್ಯಾಲೂ ನಂಬಿಗಿ ಇಲ್ಲ. ಪ್ರೆಸ್ಸಿಗೆ ಹೋಗೋತನಕ ಹಾಳಿ ನನ್ನ ಕಣ್ಣ ಮುಂದ ಇರಬೇಕು.”

“ನೋಡು. ಮೊದಲ ಉಣ್ಣು.”

“ಉಣ್ಣಾಕ ಬಂದಿಲ್ಲ.”

“ಎರಡು ಸಾಲ್ ಅವ. ಹಸಗೊಂಡು ನೋಡಾಕ ಆಗ್ತದೇನು?”

ಮಾಮಾ ಚಪ್ಪಲಿ ಬಿಟ್ಟರು. ಹೊಸ್ತಿಲು ದಾಟಿದರು. ಅವ್ವ ತಾನೇ ಎದ್ದು ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಮಾಮಾ ನಾಲ್ಕು ರೊಟ್ಟಿ ತಿಂದರು. ಅವ್ವ ಐದನೆಯದನ್ನು ಕೇಳದೆ ಹಾಕಿದಳು. ಯಾದಿ ಸರಿಯಾಗಿದ್ದಿದ್ದರೆ ಈ ಮನುಷ್ಯ ಲಗ್ನದ ದಿನ ಮಂಟಪಕ್ಕೆ ಬಂದು, ಅಕ್ಷತೆ ಹಾಕಿ, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಮನೆಯ ಒಳಗೆ ಕೂರಿಸಿ ಉಣ್ಣಿಸಿದ್ದು ನನ್ನ ಡಿಲೀಟ್ ಬಟನ್. (ಇದನ್ನು ನಾನು ಅಲ್ಲಿ ಹೇಳಲಿಲ್ಲ. ಹೊತ್ತು ಸರಿ ಇರಲಿಲ್ಲ.)

ಊಟವಾದ ಮೇಲೆ ಬೈಠಕ್. ಮಾಮಾ ಮತ್ತು ಭಾವ ಎದುರೆದುರು ಕೂತದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಹಾಳೆ ನಡುವೆ.

“ಬಲಕ್ಕ ನಂದು” ಎಂದ ಭಾವ. “ಉಣ್ಣೋ ಕೈ. ಶಾಂತಪ್ಪ ಹೇಳ್ಯಾನ.”

ಮಾಮಾ ತಲೆ ಎತ್ತಿದರು. “ನಂಗ ಎಡದಿಂದ ಓದ್ತಾರ, ಅದೇ ಮೊದಲು ಅಂದಾನ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಜಂತಿಯ ಕಡೆ ನೋಡಿದೆ. ಮಾಮಾನ ಮೀಸೆ ಅಲುಗಿತು.

“ಕಾಶಪ್ಪಾ, ಈ ಸರ್ವೇದವ ಇಬ್ಬರಿಗೂ ರಸ್ತಾದ ಕಡಿ ಹೊಲ ತೋರಿಸ್ಯಾನ ನೋಡು.”

“ಹೌದ್ರಿ ಮಾಮಾ” ಎಂದ ಭಾವ. ಅದು ಹನ್ನೊಂದು ವರ್ಷದಲ್ಲಿ ಅವನು ಅವರಿಗೆ ಆಡಿದ ಮೊದಲ ಮಾತು. ನನ್ನನ್ನು ಬೈಯುವುದರಲ್ಲಿ ಇಬ್ಬರೂ ಒಂದಾದರು. ಸಾಹೇಬರ ಮಾತು ನೆನಪಾಯಿತು, ಅಳತೆ ಸರಿಯಾಗಿದೆ.

ಎಲ್ಲ ಮುಗಿಯಿತು ಎನ್ನುವಾಗ ಭಾವ ಬೆರಳಿಟ್ಟು ಎಣಿಸಿದ. ಹಿಂದೆ ಮೂರು ಬೈಠಕ್ಕಿನಲ್ಲೂ ಯಾರೂ ಒಂದೊಂದು ಸಾಲನ್ನು ಬೇರೆಯಾಗಿ ಎಣಿಸಿರಲಿಲ್ಲ. ಒಮ್ಮೆ ಕಳೆದುಹೋದದ್ದನ್ನು ಎಲ್ಲರೂ ಎಣಿಸುತ್ತಾರೆ.

“ಎಡಕ್ಕ ಇಪ್ಪತ್ತೊಂದು ಅವ. ಬಲಕ್ಕ ಇಪ್ಪತ್ತು.”

ಭಾವ ಹಾಳೆಯನ್ನು ಎಲ್ಲರ ಕಡೆ ತಿರುಗಿಸಿದ.

“ಮಾಮಾನ ಸಾಲು ಉದ್ದ, ನಂದು ಗಿಡ್ಡ. ನಾ ಏನೂ ಅನ್ನಂಗಿಲ್ಲ. ಮಂದಿ ಅಂತಾರ.”

“ಬಲಕ್ಕ ಒಂದು ಸೇರಸ್ರಿ” ಎಂದ ಅಣ್ಣ, ಮತ್ತು ಹೇಳಿದ ಕೂಡಲೇ ತಾನೇ ಬೆಚ್ಚಿದ. ಯಾರನ್ನು ಸೇರಿಸುವುದು? ಒಂದು ಹೆಸರಿಗೆ ಬಾಗಿಲು ತೆರೆದರೆ ಹತ್ತು ಹೆಸರು ಒಳಗೆ ಬರುತ್ತವೆ. ಇನ್ನೂ ಮೂರು ಬೈಠಕ್. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಮಾಮಾ ಕೊಡೆಯನ್ನು ಕೈಗೆ ತೆಗೆದುಕೊಂಡರು. ಅದು ಎದ್ದು ಹೋಗಲೋ, ಸುಮ್ಮನೆ ಹಿಡಿದುಕೊಳ್ಳಲೋ ತಿಳಿಯಲಿಲ್ಲ.

ಎಡಸಾಲಿನ ಕೊನೆಯ ಹೆಸರು ಯಾರದು? ನನ್ನದು. ಕೊನೆಯ ಜಾಗಕ್ಕೆ ಯಾರ ತಕರಾರೂ ಇರುವುದಿಲ್ಲ ಎಂದು ನಾನೇ ಹಾಕಿಕೊಂಡಿದ್ದೆ. ಫೋನಿನ ಸರಪಳಿಯಲ್ಲಿ ನನ್ನ ಹೆಸರನ್ನು ಯಾರೂ ಹೇಳಿರಲಿಲ್ಲ, ಏಕೆಂದರೆ ನನ್ನ ಕೆಳಗೆ ಯಾರೂ ಇರಲಿಲ್ಲ. ನಾನೇ ನೆನಪಿನಿಂದ ಸೇರಿಸಿದ್ದೆ.

ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದೆ. ಈ ಸಲ, ಅಳಿಸಿದರೆ ಏನು ಹೋಗುತ್ತದೆ ಎಂದು ಸರಿಯಾಗಿ ತಿಳಿದೇ ಅಳಿಸಿದೆ.

ಭಾವ ಮತ್ತೆ ಎಣಿಸಿದ. “ಬರೋಬ್ಬರಿ” ಎಂದ. ಮಾಮಾ ಕೊಡೆಯನ್ನು ಗೋಡೆಗೆ ಒರಗಿಸಿದರು.

ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ಅವಳು ಬೆರಳು ಮಡಚಿ ಎಣಿಸತೊಡಗಿದಳು.

“ಯಾದಿ ಬರದವರು ನೀವು. ಕಳದವರೂ ನೀವು. ಮತ್ತ ಹುಡುಕಿದವರೂ ನೀವು.”

“ಹೌದು.”

“ಅಂದ್ರ ಯಾದಿಯೊಳಗ ಇಲ್ಲದವರು ನೀವೊಬ್ಬರೇ.”

“ಹೌದು.”

“ಆಗ್ಲಿ ಬಿಡ್ರಿ. ಹೊಲಿಗಿ ಮಷಿನ್ ಈ ಕಡಿ ತಂದಿಡ್ರಿ.”

ತಂದಿಟ್ಟೆ. ಈಗ ಪಡಸಾಲೆಯನ್ನು ಸಮನಾಗಿ ಎರಡು ಪಾಲು ಮಾಡಿದ್ದೇವೆ. ಕಂಪ್ಯೂಟರಿನಲ್ಲಿ ಹಳೆಯ ಸಿಸ್ಟಮ್ ಮೊದಲು, ಹೊಸದು ಆಮೇಲೆ. ಆ ಬಳಿಕ ಇನ್ನೆರಡು ಸಲ ಕೆಡಿಸಿ, ಎರಡು ಸಲವೂ ಶಬಾನಾ ಮೇಡಂ ಅವರಿಗೆ ತಿಳಿಯದಂತೆ ಸರಿ ಮಾಡಿದ್ದೇನೆ. ಬಾಣ ಯಾವುದು, ಫೈಲ್ ಯಾವುದು ಎಂಬುದು ಈಗ ದೂರದಿಂದಲೇ ಗೊತ್ತಾಗುತ್ತದೆ.

ಮಾಮಾ ಲಗ್ನಕ್ಕೆ ಮೂರು ದಿನ ಮೊದಲೇ ಬಂದರು, ಮುಗಿದ ಮೇಲೆ ಎಂಟು ದಿನ ಇದ್ದರು. ಲಗ್ನಪತ್ರಿಕೆಯಲ್ಲಿ ಎಡಕ್ಕೆ ಇಪ್ಪತ್ತು ಹೆಸರುಗಳಿವೆ, ಬಲಕ್ಕೆ ಇಪ್ಪತ್ತು ಹೆಸರುಗಳಿವೆ. ನನ್ನ ಹೆಸರಿಲ್ಲ.